ಹುಳದ ಮನೆಯಲ್ಲಿ ನನ್ನ ಹಾಸಿಗೆ

ಮಲಗಿದರೆ ಉಸಿರು ಸಿಗುವುದಿಲ್ಲ, ಕೂತರೆ ಸೊಂಟ ಹಿಡಿಯುತ್ತದೆ, ನಿಂತರೆ ಕಾಲು ಊದುತ್ತದೆ. ಈಗ ನನ್ನ ದಿನ ಈ ಮೂರರ ನಡುವೆ ಸುತ್ತುತ್ತದೆ. ಗೋಡೆಗೆ ಮೂರು ದಿಂಬು ಒರಗಿಸಿ ಬೆನ್ನು ಕೊಟ್ಟು ಕೂತೇ ಕಣ್ಣು ಮುಚ್ಚುತ್ತೇನೆ. ಸ್ವಲ್ಪ ಹೊತ್ತಿಗೆ ಎಚ್ಚರ. ಎದ್ದು ಓಡಾಡಿ ಮತ್ತೆ ಕೂರುತ್ತೇನೆ. ಬೆಳಿಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ, ಬಿಪಿ ಮಾತ್ರೆ, ಬಾಯಿಗೆ ಎಳೆದುಕೊಳ್ಳುವ ಪಂಪು. ಮಧ್ಯಾಹ್ನ ಯಾರಾದರೂ ಎದುರಿಗೆ ಕೂತು ಮಾತಾಡುತ್ತಿರುವಾಗಲೇ ತೂಕಡಿಸುತ್ತೇನೆ, ಅವರು ಮುನಿಸಿಕೊಂಡು ಹೋಗುತ್ತಾರೆ. ಹೋಗಲಿ. ಚಾಮರಾಜನಗರದಲ್ಲಿ ಚಿಕ್ಕ ವಯಸ್ಸಿನ ಒಬ್ಬ ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಕೇಳಿದಳು.

"ಯಾವಾಗಿಂದ ಅಜ್ಜಿ ಈ ಉಬ್ಬಸ?"

"ನಾನು ಆರು ವರ್ಸದ ಕೂಸಾಗಿದ್ದಾಗಿಂದ ಕಣವ್ವ."

"ಅಷ್ಟು ಹಿಂದಿನಿಂದಲಾ! ನಿದ್ದೆ ಚೆನ್ನಾಗಿ ಬರುತ್ತಾ?"

"ಅದೂ ಅವತ್ತೇ ಓಯ್ತು."

ಅವಳು ನಕ್ಕು ಚೀಟಿ ಬರೆದಳು. ಹೇಗೆ ಹೋಯಿತು ಎಂದು ಕೇಳಲಿಲ್ಲ. ಹಿಂದೆ ಬಾಗಿಲವರೆಗೂ ಜನ ನಿಂತಿದ್ದರು, ಅವಳ ತಪ್ಪಲ್ಲ. ಹೇಗೆ ಹೋಯಿತು ಎಂಬುದನ್ನು ನಾನೇ ಬರೆಯುತ್ತೇನೆ. ನನಗೆ ಬರುವುದು ನಾಲ್ಕನೇ ಕ್ಲಾಸಿನವರೆಗಿನ ಅಕ್ಷರ. ಅಷ್ಟು ಸಾಕು.

ಚಂದಕವಾಡಿಯಿಂದ ಒಂದು ಗಂಟೆ ನಡೆದರೆ ಸಿಗುವ ಊರು ನಮ್ಮದು. ಮಣ್ಣಿನ ಗೋಡೆ, ನಾಡಹೆಂಚಿನ ಮನೆ. ಮುಂದೆ ಜಗಲಿ, ಆಮೇಲೆ ನಡುಮನೆ, ಪಕ್ಕದಲ್ಲಿ ಅಡುಗೆ ಮನೆ, ಹಿಂದೆ ಒಂದು ದೊಡ್ಡ ಕೋಣೆ. ಆ ದೊಡ್ಡ ಕೋಣೆಯೇ ಮನೆಯಲ್ಲಿ ಒಳ್ಳೆಯದು. ಅದು ರೇಷ್ಮೆ ಹುಳಕ್ಕೆ. ಉಳಿದದ್ದರಲ್ಲಿ ನಾವು ಐದು ಜನ ಮತ್ತು ಎರಡು ಎತ್ತು. ಹುಳದ ಮನೆಗೆ ವರ್ಷಕ್ಕೆ ಎರಡು ಸಲ ಸುಣ್ಣ ಹೊಡೆಯುತ್ತಿದ್ದರು, ನಮ್ಮ ನಡುಮನೆಗೆ ಹಬ್ಬಕ್ಕೆ ಒಂದು ಸಲ. ಬಿದಿರಿನ ತಟ್ಟೆಗಳು ಒಂದರ ಮೇಲೊಂದು ಸೂರಿನವರೆಗೆ, ಕಂಬದ ಕಾಲಿಗೆ ಇರುವೆ ಹತ್ತದಂತೆ ನೀರು ತುಂಬಿದ ಬಟ್ಟಲು, ಕಿಟಕಿಗೆ ಗೋಣಿತಾಟು. ಮಳೆಗಾಲ, ಚಳಿಗಾಲದಲ್ಲಿ ಮೂಲೆಯಲ್ಲಿ ಕೆಂಡದ ಬಾಂಡ್ಲಿ. ಹುಳ ಒಳಗಿದ್ದರೆ ಮನೆಯಲ್ಲಿ ಮೆಣಸಿನಕಾಯಿ ಒಗ್ಗರಣೆ ಹಾಕುವಂತಿಲ್ಲ, ಅಪ್ಪ ಬೀಡಿ ಸೇದುವಂತಿಲ್ಲ. ಹೊಗೆಸೊಪ್ಪು ಹಾಕಿಕೊಳ್ಳುತ್ತಿದ್ದ ನಮ್ಮ ಅಜ್ಜಿ, ಅಪ್ಪನ ತಾಯಿ, ಬಾಯಿ ಮುಕ್ಕಳಿಸಿ, ಕೈ ತೊಳೆದು, ಹಣೆಗೆ ವಿಭೂತಿ ಇಟ್ಟು ಒಳಗೆ ಹೋಗುತ್ತಿದ್ದಳು. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ತಲೆ ಎತ್ತಿಕೊಂಡು ಒಂದು ದಿನ ಅಲ್ಲಾಡದೆ ಕೂತಿರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಮನೆಯವರೆಲ್ಲ ಮೈ ಚೆಲ್ಲಿ ಮಲಗುತ್ತಿದ್ದುದು ಆ ನಾಲ್ಕು ದಿನ ಮಾತ್ರ. ಉಳಿದಂತೆ ರಾತ್ರಿ ಹಗಲು ಸೊಪ್ಪು, ಸೊಪ್ಪು, ಸೊಪ್ಪು.

ಇನ್ನೊಂದು ಕಟ್ಟಳೆಯನ್ನೂ ಹೇಳಬೇಕು, ಮುಂದಿನ ಮಾತೆಲ್ಲ ಅದರ ಮೇಲೆ ನಿಂತಿದೆ. ನಮ್ಮದು ಲಿಂಗ ಕಟ್ಟಿಕೊಳ್ಳುವ ಜನ. ಹೆಂಗಸರು ಮುಟ್ಟಾದರೆ ಮೂಲೆಗೆ ಕೂರಿಸುವುದು ನಮ್ಮ ಮನೆಯಲ್ಲಿ ಇರಲಿಲ್ಲ. ಅಡುಗೆ ಮಾಡಬಹುದು, ಪೂಜೆಗೆ ಹೂವು ಕೊಯ್ಯಬಹುದು. ಆದರೆ ಹುಳದ ಮನೆಗೆ ಮಾತ್ರ ಕಾಲಿಡುವಂತಿಲ್ಲ. ನಾನು ಒಂದು ಸಲ ಅಜ್ಜಿಯನ್ನು ಕೇಳಿದ್ದೆ.

"ದೇವ್ರ ಮನಗ ಓಗ್ಬೌದು, ಉಳದ ಮನಗ ಯಾಕ ಓಗ್ಬಾರ್ದು?"

"ನಾವು ಲಿಂಗ ಕಟ್ಟೀವಿ, ನಮಗ ಸೂತ್ಕ ಇಲ್ಲ. ಉಳ ಲಿಂಗ ಕಟ್ಟದಾ? ಬಾಯ್ಮುಚ್ಕೊಂಡ್ ಓಗು."

ದೊಡ್ಡವಳಾದ ಹುಡುಗಿಗೆ ಇನ್ನೂ ಬಿಗಿ. ಮದುವೆ ಆಗಿ ಹೋಗುವ ತನಕ ಅವಳು ಆ ಕೋಣೆಯಲ್ಲಿ ಮಲಗುವುದಿರಲಿ, ಹೊಸಿಲನ್ನೂ ದಾಟುವಂತಿಲ್ಲ. ಹೊಸದಾಗಿ ಮುಟ್ಟಾಗುವವರಿಗೆ ದಿನದ ಲೆಕ್ಕ ಇರುವುದಿಲ್ಲ, ಗೊತ್ತಿಲ್ಲದೆ ಒಳಗಿದ್ದುಬಿಟ್ಟರೆ ಬೆಳೆ ಪೂರಾ ಹಾಳು ಎನ್ನುವುದು ಅಜ್ಜಿಯ ಮಾತು. ತನ್ನ ಸ್ವಂತ ಮಗಳನ್ನೂ ಹಾಗೇ ಜಗಲಿಗೆ ಹಾಕಿದ್ದಳಂತೆ.

ನನಗೆ ಆರು ವರ್ಷ ಇದ್ದಾಗ ಒಂದು ಮಳೆಗಾಲದಲ್ಲಿ ನೆಗಡಿ ಆಗಿ ಎದೆಗೆ ಇಳಿಯಿತು. ಎದೆಯೊಳಗೆ ಬೆಕ್ಕಿನ ಮರಿ ಕೂತ ಹಾಗೆ ಸದ್ದು. ಊರಿನಲ್ಲಿ ಅದನ್ನು ಗೂರಲು ಎನ್ನುತ್ತಿದ್ದರು. ಆಡುಸೋಗೆ ಸೊಪ್ಪಿನ ರಸ ಕುಡಿಸಿದರು, ಶುಂಠಿ, ಮೆಣಸು, ದೊಡ್ಡಪತ್ರೆ ಎಲ್ಲ ಆಯಿತು. ಬೆನ್ನಿಗೆ ಬಿಸಿ ಮಾಡಿದ ಎಕ್ಕದ ಎಲೆ ಕಟ್ಟಿದರು. ಕೆರೆಯ ಬಸವನಹುಳು ಬೇಯಿಸಿ ಕುಡಿಸಿ ಎಂದು ಹೇಳಲು ಬಂದವಳನ್ನು ಅಜ್ಜಿ ಬೀದಿಯ ಕೊನೆಯವರೆಗೂ ಬೈಯುತ್ತಾ ಅಟ್ಟಿದಳು. ಮೊಸರು ಬಂದ್, ಬಾಳೆಹಣ್ಣು ಬಂದ್, ತಲೆಗೆ ನೀರು ಬಂದ್. ಥಂಡಿ ಗಾಳಿ ಸೋಕಬಾರದು ಎಂದರು. ಜಗಲಿಯಲ್ಲಿ ಗಾಳಿ, ನಡುಮನೆಯಲ್ಲಿ ನೆಲದ ಥಂಡಿ, ಅಡುಗೆ ಮನೆಯಲ್ಲಿ ಹೊಗೆ. ಇಡೀ ಮನೆಯಲ್ಲಿ ಬೆಚ್ಚಗೆ, ಒಣಗಿದ್ದ ಜಾಗ ಒಂದೇ. ಅವ್ವ ನನ್ನ ಚಾಪೆ, ಕಂಬಳಿ ಎತ್ತಿಕೊಂಡು ಹೋಗಿ ಹುಳದ ಮನೆಯಲ್ಲಿ, ಕೆಂಡದ ಬಾಂಡ್ಲಿಯ ಹತ್ತಿರ ಹಾಸಿದಳು. ಅಜ್ಜಿಗೆ ಇಷ್ಟವಿರಲಿಲ್ಲ. ಅವ್ವ ಅತ್ತೆಯ ಎದುರು ಜೋರಾಗಿ ಮಾತಾಡಿದ್ದು ನಾನು ಕಂಡಂತೆ ಅದೇ ಮೊದಲು.

"ಉಳಕ್ಕ ಬೆಚ್ಚಗ ಬೇಕು, ನನ್ ಮಗಳ್ಗ ಬ್ಯಾಡ್ವಾ? ಅವ್ಳು ಉಳಕ್ಕಿಂತ ಕಡೆಯಾ?"

ಹಾಗೆ ಜಗಳ ಆಡಿ, ಗೆದ್ದು, ಅವ್ವ ನನ್ನನ್ನು ಒಳಗೆ ಮಲಗಿಸಿದಳು. ಮಲಗಿಸಿದ್ದು ಪ್ರೀತಿಯಿಂದ. ಅದನ್ನು ಮರೆಮಾಚಿ ಬರೆಯುವುದಿಲ್ಲ.

ಗೂರಲು ಹೋಗಲಿಲ್ಲ, ಹೆಚ್ಚಾಯಿತು. ಮಲಗಿದರೆ ಎದೆಯ ಮೇಲೆ ಯಾರೋ ಕಾಲಿಟ್ಟ ಹಾಗೆ. ಎದ್ದು ಕೂತು, ಮೊಣಕಾಲಿಗೆ ಕೈ ಊರಿ, ಭುಜ ಎತ್ತೆತ್ತಿ ಉಸಿರು ಎಳೆಯುತ್ತಿದ್ದೆ. ಸುತ್ತ ಸಾವಿರಾರು ಹುಳ ಸೊಪ್ಪು ಮೇಯುವ ಸದ್ದು, ಒಣಹುಲ್ಲಿನ ಮೇಲೆ ಯಾರೋ ನಡೆದಾಡಿದಂತೆ. ಹಿಕ್ಕೆಯ ವಾಸನೆ, ಪೊರೆಯ ದೂಳು. ಇವಳಿಗೆ ಕಾಯಿಲೆ ಬಲವಾಗಿದೆ, ಇನ್ನೂ ಬೆಚ್ಚಗಿರಬೇಕು ಎಂದು ಅವ್ವ ಕಿಟಕಿಗೆ ಇನ್ನೊಂದು ಗೋಣಿತಾಟು ಕಟ್ಟಿದಳು. ಆಗೆಲ್ಲ ರಾತ್ರಿ ಸೊಪ್ಪು ಹಾಕುವುದಕ್ಕೆ ಅಪ್ಪ ಅವ್ವ ಸರದಿಯ ಮೇಲೆ ಏಳುತ್ತಿದ್ದರು. ಒಂದು ದಿನ ಬೆಳಿಗ್ಗೆ ರಾಗಿ ಅಂಬಲಿ ಕುಡಿಯುತ್ತಾ ಅಜ್ಜಿ ಹೇಳಿದಳು.

"ನೀವ್ಯಾಕ ನಿದ್ದಗೆಡ್ತೀರಿ? ಈ ಮಾದೇವಿ ಎದ್ದೇ ಇರ್ತಳಲ್ಲ. ಸುಮ್ನ ಕೂತ್ಕಂಡು ಗೊರ್ ಗೊರ್ ಅನ್ನೋ ಬದ್ಲು ನಾಕ್ ತಟ್ಟಗ ಸೊಪ್ಪಾಕ್ಲಿ."

ಅವ್ವ ಏನೋ ಹೇಳಲು ಹೋದಳು. ಅಪ್ಪ ನನ್ನ ಮುಖ ನೋಡಿದ. ನಾನು ತಲೆ ಆಡಿಸಿದೆ. ಸುಮ್ಮನೆ ಕೂತು ಉಸಿರು ಲೆಕ್ಕ ಹಾಕುವುದಕ್ಕಿಂತ ಕೈಗೊಂದು ಕೆಲಸ ಇದ್ದರೆ ಹೊತ್ತು ಹೋಗುತ್ತದೆ ಎನ್ನಿಸಿತು. ಎಂಟು ವರ್ಷಕ್ಕೆ ರಾತ್ರಿಯ ಸೊಪ್ಪು ನನ್ನ ಪಾಲಿಗೆ ಬಂತು. ಬೇಗ ಕಲಿತೆ. ಎಳೆಯ ಹುಳಕ್ಕೆ ಚಿಗುರೆಲೆ ಸಣ್ಣಗೆ ಹೆಚ್ಚಬೇಕು, ಬಲಿತ ಹುಳಕ್ಕೆ ಇಡೀ ಎಲೆ. ಒದ್ದೆ ಎಲೆ ಹಾಕಿದರೆ ಹುಳ ಭೇದಿ ಆಗಿ ಸಾಯುತ್ತದೆ. ನೀರು ಬಿಟ್ಟುಕೊಂಡು ಊದಿದ ಹುಳವನ್ನು ಕಡ್ಡಿಯಲ್ಲಿ ಎತ್ತಿ ಸುಣ್ಣದ ಬೋಗುಣಿಗೆ ಹಾಕಬೇಕು. ನನ್ನ ಕೈಗೆ ಬಂದ ಮೇಲೆ ಮೂರು ಬೆಳೆ ಸತತವಾಗಿ ಚೆನ್ನಾಗಿ ಬಂದವು. ಗೂಡು ಗಟ್ಟಿ, ಬಣ್ಣ ಒಳ್ಳೆಯದು. ಇದು ಮಾದೇವಿಯ ಕೈಗುಣ ಎಂದು ಅಜ್ಜಿ ಬೀದಿಗೆಲ್ಲ ಸಾರಿದಳು. ಅಕ್ಕಪಕ್ಕದವರು ಹೊಸ ಮೊಟ್ಟೆ ತಂದಾಗ ನನ್ನನ್ನು ಕರೆಸಿ ಮೊದಲ ಹಿಡಿ ಸೊಪ್ಪು ಹಾಕಿಸುತ್ತಿದ್ದರು. ಕಾಯಿಲೆಯ ಹುಡುಗಿ ಎಂದು ಮೂಗು ಮುರಿಯುತ್ತಿದ್ದವರೇ ಅಂಗೈಗೆ ಬೆಲ್ಲ ಇಟ್ಟು ಕಳಿಸುತ್ತಿದ್ದರು. ನನಗೆ ಅದು ಹಿಡಿಸಿತು. ತುಂಬಾ ಹಿಡಿಸಿತು.

ಆದರೆ ರಾತ್ರಿ ಕಳೆದದ್ದು ಹಗಲು ವಸೂಲಿಗೆ ಬರುತ್ತದೆ. ಇಸ್ಕೂಲಿನಲ್ಲಿ ಮಗ್ಗಿ ಹೇಳುವಾಗ ಐದರ ಹತ್ತಿರ ನಿಂತು ಮಲಗಿಬಿಡುತ್ತಿದ್ದೆ. ಮೇಷ್ಟ್ರು ಒಳ್ಳೆಯವರು, ಮೊದಮೊದಲು ನೀರು ಕುಡಿಸಿ ಎಬ್ಬಿಸುತ್ತಿದ್ದರು, ಆಮೇಲೆ ಬಾಗಿಲ ಹತ್ತಿರ ನಿಲ್ಲಿಸಿದರು, ಆಮೇಲೆ ಬಿಟ್ಟೇಬಿಟ್ಟರು. ಮನೆಯಲ್ಲಿ ಬೀಸುಕಲ್ಲಿನ ಗೂಟ ಹಿಡಿದುಕೊಂಡೇ ನಿದ್ದೆ ಹೋಗಿ ಹಲ್ಲು ಮುರಿದುಕೊಂಡೆ. ಹಸಿವು ತಿಳಿಯುತ್ತಿರಲಿಲ್ಲ, ಸಿಟ್ಟು ಮಾತ್ರ ತಿಳಿಯುತ್ತಿತ್ತು. ನನ್ನ ತಮ್ಮ ಪಕ್ಕದಲ್ಲಿ ಜೋರಾಗಿ ಉಸಿರಾಡಿದರೂ ಹೊಡೆಯುತ್ತಿದ್ದೆ. ಎಷ್ಟು ಸಲೀಸಾಗಿ ಉಸಿರು ಆಡುತ್ತದಲ್ಲ ಇವನಿಗೆ ಎಂದು. ನಾಲ್ಕನೇ ಕ್ಲಾಸಿನಲ್ಲಿ ಫೇಲಾದೆ. ಅಪ್ಪ ಬೈಯಲಿಲ್ಲ. ಇನ್ನು ಹಗಲಿನ ಸೊಪ್ಪಿಗೂ ಆಯಿತು ಎಂದ.

ಇಷ್ಟು ಬರೆದು ಎದ್ದು ಹಿತ್ತಲವರೆಗೆ ಎರಡು ಸಲ ಹೋಗಿ ಬಂದೆ. ಒಂದೇ ಕಡೆ ಕೂತರೆ ಕಾಲೊಳಗೆ ಇರುವೆ ಹರಿದ ಹಾಗಾಗುತ್ತದೆ. ಮುಂದಕ್ಕೆ ಬರೆಯುತ್ತೇನೆ.

ಅವ್ವನ ತಂಗಿಯನ್ನು ಗುಂಡ್ಲುಪೇಟೆಯ ಆಚೆ ಮದ್ದೂರಿನ ಕಡೆ ಕೊಟ್ಟಿತ್ತು. ಕಾಡಿನ ಅಂಚಿನಲ್ಲಿ ಮನೆ. ನನಗೆ ಹನ್ನೊಂದು ನಡೆಯುವಾಗ ಚಿಕ್ಕವ್ವ ಹೆತ್ತಳು, ನೀರು ಕಾಯಿಸಿ ಕೊಡಲು, ಮಗು ತೂಗಲು ಒಬ್ಬರು ಬೇಕಿತ್ತು. ನಮ್ಮಲ್ಲಿ ಬೆಳೆ ಮುಗಿದು ಹುಳದ ಮನೆ ಖಾಲಿ ಇತ್ತು. ನನ್ನನ್ನು ಕಳಿಸಿದರು. ಆ ಕಡೆ ಗೋಪಾಲಸ್ವಾಮಿ ಬೆಟ್ಟದ ಮಂಜು ಬೆಳಿಗ್ಗೆ ಒಂಬತ್ತಾದರೂ ಅಂಗಳ ಬಿಟ್ಟು ಏಳುವುದಿಲ್ಲ. ಅವ್ವ ಕಿವಿಗೆ ಬಟ್ಟೆ, ಎದೆಗೆ ಎರಡು ರವಿಕೆ, ಮೇಲೆ ಕಂಬಳಿ ಸುತ್ತಿ ಬಸ್ಸಿಗೆ ಹತ್ತಿಸಿ, ಆ ಥಂಡಿಯಲ್ಲಿ ನನ್ನ ಮಗಳು ಉಳಿಯುವುದಿಲ್ಲ ಎಂದು ಬಸ್ಸಿನ ಕಂಬಿ ಹಿಡಿದು ಅತ್ತಳು. ಅಲ್ಲಿ ಚಿಕ್ಕವ್ವನ ಮನೆಗೆ ಬಾಗಿಲು ಅಷ್ಟಕ್ಕಷ್ಟೆ, ತಟ್ಟಿ ಗೋಡೆಯ ಸಂದಿಯಲ್ಲಿ ಗಾಳಿ ಸಿಳ್ಳೆ ಹಾಕುತ್ತಿತ್ತು. ನಾನು ಕೂತುಕೊಳ್ಳಲು ಗೋಡೆ ನೋಡಿಕೊಂಡು ಕಂಬಳಿ ಹಾಸಿದೆ. ಸ್ವಲ್ಪ ಒರಗಿದೆ. ಅಷ್ಟೇ ಗೊತ್ತು.

ಎಚ್ಚರವಾದಾಗ ಬಿಸಿಲು ಮುಖದ ಮೇಲಿತ್ತು. ಚಿಕ್ಕವ್ವ ನನ್ನ ಮೂಗಿನ ಹತ್ತಿರ ಬೆರಳು ಹಿಡಿದುಕೊಂಡು ಕೂತಿದ್ದಳು. ಚಿಕ್ಕಪ್ಪ ಹೊಲದಲ್ಲಿ ಆನೆ ಕಾವಲು ಮುಗಿಸಿ ಬಂದವನು, ಕೇರಳದ ಲಾರಿಯವರಿಂದ ಕಲಿತ ಹಾಲಿಲ್ಲದ ಚಾ ಕುಡಿಯುತ್ತಾ ನಿಂತಿದ್ದ.

"ಸತ್ತೋಗವ್ಳ ಅಂದ್ಕಂಡ್ನಲ್ಲಮ್ಮಿ! ಅಕ್ಕನ್ಗ ಏನೇಳ್ಳಿ ಅಂತ ಎದೆ ಒಡ್ದೋಯ್ತು," ಎಂದಳು ಚಿಕ್ಕವ್ವ.

"ಸಾಯೋರು ಇಷ್ಟ್ ಗೊರ್ಕ ಒಡಿತಾರಾ?" ಎಂದ ಚಿಕ್ಕಪ್ಪ. "ಎಬ್ಬಾವು ಜಿಂಕ ನುಂಗಿ ಬಿದ್ದಂಗ ಬಿದ್ದವ್ಳ. ನಾನು ಆನ ಕಾದು ನಿದ್ದಗೆಟ್ಟೋನು, ನಂಗೇ ಒಟ್ಟೆ ಉರೀತದ."

ಒಂದು ತಿಂಗಳು ಇದ್ದೆ. ಮೊಸರು ತಿಂದೆ, ತಲೆಗೆ ನೀರು ಹಾಕಿಕೊಂಡೆ, ಮಂಜಿನಲ್ಲಿ ಸೌದೆ ತಂದೆ. ಎದೆ ಒಂದು ದಿನವೂ ಕೂಗಲಿಲ್ಲ. ಆದರೂ ನಿಜ ಹೇಳುತ್ತೇನೆ, ಅಲ್ಲಿ ನನಗೆ ಸರಿ ಹೋಗಲಿಲ್ಲ. ನಿದ್ದೆ ಮಾಡಿ ಎದ್ದರೆ ಇಡೀ ದಿನ ಎದುರಿಗಿರುತ್ತದೆ, ಏನು ಮಾಡುವುದೆಂದು ತಿಳಿಯುತ್ತಿರಲಿಲ್ಲ. ಅಲ್ಲಿ ನನ್ನ ಕೈಗುಣ ಯಾರಿಗೂ ಬೇಕಿರಲಿಲ್ಲ. ಮಗು ತೂಗುವ ಹುಡುಗಿ, ಅಷ್ಟೇ. ವಾಪಸು ಬಂದಾಗ ಹೊಸ ಹುಳ ಎರಡನೇ ಪೊರೆ ಬಿಟ್ಟಿತ್ತು. ಅಜ್ಜಿ ಬಾಗಿಲಲ್ಲೇ ಸೊಪ್ಪಿನ ಮಂಕರಿ ಕೊಟ್ಟಳು. ಮೂರನೇ ದಿನಕ್ಕೆ ಮತ್ತೆ ಉಸಿರು ಸಿಗದೆ ಎದ್ದು ಕೂತೆ.

ಆ ಬೆಳೆಯಲ್ಲಿ ಹುಳ ಕೊನೆಯ ಹಂತಕ್ಕೆ ಬಂದು ಬೆರಳು ಗಾತ್ರ ಆಗಿದ್ದಾಗ ಚಿಕ್ಕವ್ವ ಮಗುವನ್ನು ತವರಿನ ಕಡೆಯವರಿಗೆ ತೋರಿಸಲು ಹೊರಟವಳು ನಮ್ಮ ಮನೆಗೆ ಬಂದಳು. ಹುಳದ ಮನೆಯ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. ನಾನು ಒಂದು ತಟ್ಟೆಗೆ ಸೊಪ್ಪು ಹಾಕಿ, ಕಂಬ ಹಿಡಿದು ನಿಂತು ಉಸಿರು ಎಳೆದು, ಇನ್ನೊಂದು ತಟ್ಟೆಗೆ ಹಾಕುತ್ತಿದ್ದೆ.

"ಅಕ್ಕ, ಇದ್ಯಾಕ ಈ ಮಗ ಇಂಗಾಗದ? ನಮ್ಮನೇಲಿ ಒಂದ್ ದಿನಾನೂ ಗೂರ್ಲಿಲ್ಲ ಕಣಕ್ಕ."

"ನಿಮ್ಮೂರ ಥಂಡಿ ಈಗ ಕಾಣಿಸ್ಕತಾ ಅದ," ಎಂದಳು ಅವ್ವ.

"ಇವ್ಳು ಬಂದು ಎಷ್ಟ್ ದಿನ ಆಯ್ತು? ಥಂಡಿ ಏನು ಇಂದ್ಲ ಬಸ್ಸತ್ಕಂಡ್ ಬತ್ತದಾ?"

ಅಜ್ಜಿ ಎಲೆಅಡಿಕೆ ತಟ್ಟೆ ಸರಿಸಿ ಎದ್ದಳು. "ಒಂದ್ ಎತ್ತಬುಟ್ರ ಬಾಯಿ ಇಷ್ಟು ದೊಡ್ದಾಯ್ತದಾ ನಿಂಗ?"

"ಬಾಯಲ್ಲ ಅತ್ತೆಮ್ಮ, ಕಣ್ಣು. ಉಳ ಇಲ್ಲದ ಕಡ ಈ ಮಗ ಮನಿಕತದ. ಉಳದ ಜೊತ ಇದ್ರ ಕೂತ್ಕತದ. ಇವ್ಳ ಆಸ್ಗ ಇಲ್ಲಿಂದ ಎತ್ತಾಕಿ. ಈ ದೂಳೇ ಇವ್ಳ ಎದ ತಿಂತಾ ಇರದು. ನಿಮ್ಗ ಆಗ್ನಿಲ್ಲ ಅಂದ್ರ ನಂಗ ಕೊಟ್ಬುಡಿ, ನಾನ್ ಕರ್ಕಂಡೋಯ್ತೀನಿ."

ಅವ್ವನ ಮುಖ ಸುಣ್ಣ ಬಳಿದಂತಾಯಿತು. ಅಜ್ಜಿಗಿಂತ ಮೊದಲು ಅವಳೇ ಮೇಲೆ ಬಿದ್ದಳು.

"ನನ್ ಮಗಳ ನಾನೇ ಕೈಯಾರ ಸಾಯಿಸ್ತಾ ಇವ್ನಿ ಅಂತೀಯ?"

"ನಾನ್ ಅಂಗಂದ್ನಾ ಅಕ್ಕ?"

"ಅಂಗೇ ನೀ ಅಂದದ್ದು. ಬೆಚ್ಚಗಿರ್ಲಿ ಅಂತ ಜಗ್ಳ ಆಡಿ ಜಾಗ ಕೇಳಿ ಮನಗ್ಸಿವ್ನಿ. ನೀ ಒಂದ್ ತಿಂಗ್ಳು ಸಾಕ್ಬುಟ್ಟು ನಂಗ ಬುದ್ಧಿ ಏಳಕ್ಕ ಬತ್ತೀಯಾ?"

ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ ಅಪ್ಪ ಎದ್ದು ಬಂದ. ಅವನು ಹೆಂಗಸರ ಜಗಳಕ್ಕೆ ಬಾಯಿ ಹಾಕುವವನಲ್ಲ. ನೇರವಾಗಿ ನನ್ನನ್ನೇ ಕೇಳಿದ.

"ನೀನೇ ಏಳಮ್ಮಿ. ಇಲ್ಲೇ ಇದ್ದೀಯೋ, ಚಿಕ್ಕವ್ವನ ಜೊತ ಓಯ್ತೀಯೋ?"

ಎಲ್ಲರೂ ನನ್ನ ಕಡೆ ನೋಡಿದರು. ನನಗೆ ಗೊತ್ತಿತ್ತು. ಚಿಕ್ಕವ್ವ ಹೇಳಿದ್ದು ಸರಿ ಎಂದು ನನ್ನ ಎದೆಗೇ ಗೊತ್ತಿತ್ತು. ಆದರೆ ತಟ್ಟೆಗಳಲ್ಲಿ ಹುಳ ತಲೆ ಎತ್ತಿ ಸೊಪ್ಪು ಹುಡುಕುತ್ತಿದ್ದವು. ಅಲ್ಲಿ ಹೋದರೆ ನಾನು ಮಗು ತೂಗುವವಳು. ಇಲ್ಲಿ ನಾನು ಇಲ್ಲದಿದ್ದರೆ ಬೆಳೆಯೇ ಇಲ್ಲ.

"ಉಳ ಅಣ್ಣಾಗ್ತಾ ಅವ," ಎಂದೆ. "ನಾನ್ ಓದ್ರ ಸೊಪ್ಪಾಕೋರ್ಯಾರು?"

ಅಜ್ಜಿ ತೊಡೆ ತಟ್ಟಿ ನಕ್ಕಳು. ಚಿಕ್ಕವ್ವ ಮಗುವಿನ ಬಾಯಿ ಒರೆಸಿ ಸೆರಗಿಗೆ ಕಟ್ಟಿಕೊಂಡಳು.

"ಅಂಗಾರ ಇಲ್ಲೇ ಬಿದ್ಕಂಡ್ ಸಾಯಿ," ಎಂದು ಹೊರಟಳು. ಅವ್ವ ಬಸ್ಸಿನವರೆಗೆ ಹೋಗಿ ಕಳಿಸಲಿಲ್ಲ.

ಯಾರಾದರೂ ಇದನ್ನು ಓದಿ ಪಾಪ ಎಂದುಕೊಳ್ಳಬಹುದು. ಅಪ್ಪ ಅವ್ವ ಕೆಟ್ಟವರು ಎನ್ನಬಹುದು. ಕೇಳಿದಾಗ ಇಲ್ಲೇ ಇರುತ್ತೇನೆ ಎಂದವಳು ನಾನು. ಹನ್ನೊಂದು ವರ್ಷದ ಹುಡುಗಿಗೆ ಏನು ಗೊತ್ತಾಗುತ್ತದೆ ಎನ್ನುವ ಮಾತು ನನ್ನ ಹತ್ತಿರ ನಡೆಯುವುದಿಲ್ಲ. ಗೊತ್ತಾಗುತ್ತದೆ. ಉಸಿರಿಗಿಂತ ಮರ್ಯಾದೆ ದೊಡ್ಡದು ಎಂದು ಆಗ ತೀರ್ಮಾನಿಸಿದೆ. ಆ ಬುದ್ಧಿ ಇವತ್ತಿಗೂ ಹೋಗಿಲ್ಲ. ಕೈಲಾಗದಿದ್ದರೂ ನೀರಿನ ಬಿಂದಿಗೆ ಎತ್ತಲು ಹೋಗಿ ಸೊಸೆಯ ಹತ್ತಿರ ಬೈಸಿಕೊಳ್ಳುತ್ತೇನೆ.

ಅದಾಗಿ ಒಂದು ವಾರಕ್ಕೆ ಹುಳ ಹಣ್ಣಾದವು, ಸೊಪ್ಪು ಬಿಟ್ಟು ಗೂಡು ಕಟ್ಟಲು ಸಿದ್ಧವಾದವು. ಹಣ್ಣಾದ ಹುಳವನ್ನು ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಬಿದಿರಿನ ದೊಡ್ಡ ತಟ್ಟಿ, ಸುರುಳಿ ಸುರುಳಿಯಾಗಿ ಪಟ್ಟಿ ಕಟ್ಟಿರುತ್ತದೆ, ಹುಳ ಅದರ ಸಂದಿಯಲ್ಲಿ ಕೂತು ಗೂಡು ಕಟ್ಟುತ್ತದೆ. ಗೂಡು ಬಿಡಿಸಿದ ಮೇಲೆ ಚಂದ್ರಿಕೆಯನ್ನು ಅಂಗಳದಲ್ಲಿ ಬಿಸಿಲಿಗೆ ನಿಲ್ಲಿಸಿ ಕೋಲಿನಿಂದ ಬಡಿಯುವುದು. ಒಣಗಿದ ಹಿಕ್ಕೆ, ನೂಲಿನ ಎಳೆ, ದೂಳು ಎಲ್ಲ ಮೋಡದ ಹಾಗೆ ಏಳುತ್ತದೆ. ಆ ಬೆಳೆಯ ಗೂಡು ಬಿಡಿಸಿದ ದಿನ, ನಡು ಮಧ್ಯಾಹ್ನ, ನಾನು ಬಡಿಯುತ್ತಿದ್ದೆ. ಎರಡು ಚಂದ್ರಿಕೆ ಆಯಿತು. ಮೂರನೆಯದಕ್ಕೆ ಕೋಲು ಎತ್ತಿದೆ, ಉಸಿರು ಒಳಗೆ ಹೋಗಲಿಲ್ಲ. ಹೊರಗೂ ಬರಲಿಲ್ಲ. ಅಂಗಳದಲ್ಲಿ ಕೂತೆ, ಆಮೇಲೆ ಬಿದ್ದೆ. ಅವ್ವ ಓಡಿ ಬಂದು ಬೆನ್ನಿನ ಹಿಂದೆ ಕೂತು ನನ್ನನ್ನು ಎದೆಗೆ ಒರಗಿಸಿ ಹಿಡಿದಳು. ತುಟಿ ನೇರಳೆ ಹಣ್ಣು ತಿಂದ ಹಾಗೆ ಆಗಿತ್ತಂತೆ. ಚಂದ್ರಿಕೆಯಿಂದ ದೂಳು ಇನ್ನೂ ಇಳಿಯುತ್ತಿತ್ತು. ಅವಳು ಅದನ್ನೇ ನೋಡುತ್ತಿದ್ದಳು. ನನ್ನ ಮುಖದ ಮೇಲೆ ಸೆರಗು ಮುಚ್ಚಿ, ಇಡೀ ಮೈಯಿಂದ ನನ್ನನ್ನು ಮರೆ ಮಾಡಿಕೊಂಡು, ಕೂತಲ್ಲೇ ತೆವಳಿಕೊಂಡು ಅಂಗಳದ ಆಚೆಗೆ ಎಳೆದುಕೊಂಡು ಹೋದಳು. ಗಾಳಿಯ ಕಡೆಗೆ. ಬೆಚ್ಚಗಿನ ಕಡೆಗೆ ಅಲ್ಲ.

ಹುಳದಿಂದ ಹೀಗಾಯಿತು ಎಂದು ಅವಳು ಬಾಯಿ ಬಿಟ್ಟು ಒಪ್ಪಲಿಲ್ಲ. ಸಾಯುವವರೆಗೂ ಒಪ್ಪಲಿಲ್ಲ. ಒಪ್ಪಿದರೆ ಐದು ವರ್ಷ ಹಾಸಿಗೆ ಹಾಸಿದವಳು ತಾನೇ ಎಂದಾಗುತ್ತದೆ. ಒಪ್ಪಿದರೂ ಅಜ್ಜಿ ಬಿಡುತ್ತಿರಲಿಲ್ಲ, ಕೈಗುಣದ ಹುಡುಗಿಯನ್ನು ಯಾರು ಬಿಡುತ್ತಾರೆ. ಹೊಸ ಮೊಟ್ಟೆ ಬರುವ ಹಿಂದಿನ ದಿನ ಬೆಳಿಗ್ಗೆ ಅವ್ವ ನನ್ನನ್ನು ಹಿತ್ತಲಿಗೆ ಕರೆದಳು. ಒಂದು ಬೋಗುಣಿಯಲ್ಲಿ ಅರಿಶಿನ ಕಲಸಿ, ಅಜ್ಜಿಯ ಎಲೆಅಡಿಕೆ ಡಬ್ಬಿಯಿಂದ ಕದ್ದ ಸುಣ್ಣ ಹಾಕಿದಳು. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಗಾಗುತ್ತದೆ. ಸ್ವಲ್ಪ ಕೆಮ್ಮಣ್ಣು ಬೆರೆಸಿ ಬೆರಳಿನಲ್ಲಿ ಬಣ್ಣ ನೋಡಿದಳು. ನನ್ನ ಲಂಗದ ಹಿಂದುಗಡೆಗೆ ಒಂದು ಹಿಡಿ ಬಳಿದಳು.

"ಇದೇನವ್ವ?"

"ನೀ ದೊಡ್ಡೋಳಾದಿ."

"ಎಲ್ಲಿ? ಆಗಿಲ್ಲ ನಾನು."

"ಆದಿ ಅಂದ್ರ ಆದಿ. ಬಾಯ್ಬುಟ್ರ ನಾಲ್ಗ ಕಿತ್ತಾಕ್ಬುಡ್ತೀನಿ."

ಆಮೇಲೆ ಎದೆ ಬಡಿದುಕೊಂಡು, ನಗುವ ಹಾಗೂ ಅಳುವ ಹಾಗೂ ಮಾಡಿಕೊಂಡು ನಡುಮನೆಗೆ ಓಡಿದಳು. ನಮ್ಮ ಅವ್ವ ಅಷ್ಟು ಚೆನ್ನಾಗಿ ನಾಟಕ ಆಡುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಅಜ್ಜಿಯ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಲಂಗವನ್ನು ಮುಖದ ಹತ್ತಿರ ಹಿಡಿದು ನೋಡಿದಳು, ಮೂಗು ಸೊಟ್ಟ ಮಾಡಿದಳು. ಇನ್ನೇನು ಸಿಕ್ಕಿಬಿದ್ದೆವು ಎಂದುಕೊಂಡೆ.

"ಈ ವಯಸ್ಸಿಗೇನಾ? ಒಣ್ಗಿದ್ ಕಡ್ಡಿ ಅಂಗವ್ಳ."

"ನಾನೂ ಅಷ್ಟೊತ್ಗೇ ಆಗಿದ್ದು ಅತ್ತೆ," ಎಂದಳು ಅವ್ವ.

ಅಜ್ಜಿಯ ಯೋಚನೆ ಎಲ್ಲ ಮಾರನೆಯ ದಿನ ಬರುವ ಮೊಟ್ಟೆಯ ಮೇಲಿತ್ತು. ಆಮೇಲೆ ತಾನೇ ಹುಳದ ಮನೆಗೆ ಹೋಗಿ ನನ್ನ ಚಾಪೆ, ಕಂಬಳಿ, ದಿಂಬು ಸುತ್ತಿ ತಂದು ಜಗಲಿಗೆ ಎಸೆದಳು. ಬಾಗಿಲಿಗೆ ಗಂಜಲ ಚಿಮುಕಿಸಿದಳು. ನನಗೆ ಎದೆ ಧಗಧಗ ಉರಿಯಿತು. ಅವ್ವನ ಮೇಲೆ, ಅಜ್ಜಿಯ ಮೇಲೆ, ಆ ಬೋಗುಣಿಯ ಮೇಲೆ. ನನ್ನ ಕೆಲಸ ಹೋಯಿತು. ಇನ್ನು ಮೇಲೆ ನಾನು ಬರೀ ಗೂರಲಿನ ಹುಡುಗಿ.

ಸುಳ್ಳಿಗೂ ಶಾಸ್ತ್ರ ಮಾಡಬೇಕಲ್ಲ. ಹಸೆಯ ಮೇಲೆ ಕೂರಿಸಿದರು. ಬೀದಿಯ ಹೆಂಗಸರೆಲ್ಲ ಬಂದು ಎಳ್ಳಿನ ಚಿಗಳಿ, ಕೊಬ್ಬರಿ, ಬೆಲ್ಲ ಬಾಯಿಗೆ ತುರುಕಿದರು. ಆರತಿ ಎತ್ತಿ ಸೋಬಾನೆ ಹೇಳಿದರು. ಜಗಲಿಯಲ್ಲಿ ಒಳ್ಳೆಯ ಗಾಳಿ ಬರುತ್ತಿತ್ತು. ಎರಡನೇ ದಿನ, ಎಲ್ಲರೂ ಹಾಡುತ್ತಿರುವಾಗಲೇ, ಬಾಯಲ್ಲಿ ಚಿಗಳಿ ಇಟ್ಟುಕೊಂಡೇ ನಾನು ಕೂತಲ್ಲಿ ನಿದ್ದೆ ಹೋದೆನಂತೆ. ಹಸೆಯ ಮೇಲೆ ಪಕ್ಕಕ್ಕೆ ಉರುಳಿದೆನಂತೆ. ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಎಬ್ಬಿಸಲು ಹೋದವರ ಕೈಯನ್ನು ಅವ್ವ ಹಿಡಿದುಕೊಂಡಳು.

"ಬುಡಿ. ಮನಿಕ್ಕಳ್ಳಿ. ಯಾರೂ ಮುಟ್ಬ್ಯಾಡಿ."

ಎದ್ದಾಗ ಸಂಜೆಯಾಗಿತ್ತು. ಆರತಿ ತಟ್ಟೆಯಲ್ಲಿ ದೀಪ ಆರಿತ್ತು.

ರಾತ್ರಿಯ ಸೊಪ್ಪು ಅವ್ವನ ಪಾಲಿಗೆ ಬಂತು. ಜಗಲಿಯಲ್ಲಿ ನನ್ನ ಎದೆ ದಿನದಿಂದ ದಿನಕ್ಕೆ ಸಡಿಲವಾಯಿತು. ಪೂರಾ ಹೋಗಲಿಲ್ಲ, ಮನೆ ತುಂಬ ಹುಳ ಇರುವಾಗ ಎಲ್ಲಿಗೆ ಹೋಗುತ್ತದೆ. ಆದರೆ ಮಲಗುವಷ್ಟಾಯಿತು. ಮಲಗುವಷ್ಟಾದರೂ ಮೈ ಹಳೆಯ ರೂಢಿ ಬಿಡಲಿಲ್ಲ. ಮೂರು ವರ್ಷ ಸೊಪ್ಪು ಹಾಕಿದ ಹೊತ್ತಿಗೆ ಸರಿಯಾಗಿ ಎಚ್ಚರ ಆಗುತ್ತಿತ್ತು, ಈಗಲೂ ಆಗುತ್ತದೆ. ಯಾವ ಮಾತ್ರೆಗೂ ಅದು ಬಗ್ಗಿಲ್ಲ. ಹಗಲು ಅವ್ವ ಅಡುಗೆ ಮನೆಯ ಕಂಬಕ್ಕೆ ಒರಗಿ, ಮುದ್ದೆ ತಿರುವುವ ಕೋಲು ಹಿಡಿದೇ ತೂಕಡಿಸುತ್ತಿದ್ದಳು. ನಾನು ಹುಳದ ಮನೆಯ ಕಡೆ ಕಾಲಿಟ್ಟರೆ ಮಾತ್ರ ಎಲ್ಲಿದ್ದರೂ ಕಣ್ಣು ಬಿಡುತ್ತಿದ್ದಳು. ಮನೆಯಲ್ಲಿ ನಾವಿಬ್ಬರೇ ಇದ್ದಾಗಲೂ, ಕೇಳುವವರು ಯಾರೂ ಇಲ್ಲದಿದ್ದಾಗಲೂ, "ದೊಡ್ಡೋಳ್ ಕಣಮ್ಮಿ ನೀನು, ಆಚ್ಗ ಓಗು," ಎನ್ನುತ್ತಿದ್ದಳು. ಒಂದು ಸಲವೂ ನಗಲಿಲ್ಲ. ಆ ವರ್ಷದ ಬೆಳೆಗಳು ಮೊದಲಿನ ಹಾಗೇ ಚೆನ್ನಾಗಿ ಬಂದವು. ಕೈಗುಣ ಈಗ ಅವ್ವನಿಗೆ ಬಂದಿದೆ ಎಂದು ಅಜ್ಜಿ ಬೀದಿಗೆಲ್ಲ ಹೇಳಿದಳು.

ಎರಡು ವರ್ಷವಾಯಿತು. ಹೆಣ್ಣು ನೋಡಲು ಜನ ಬರಲು ಶುರುವಾಗಿತ್ತು. ಊರಿನ ಲೆಕ್ಕದಲ್ಲಿ ನಾನು ದೊಡ್ಡವಳಾಗಿ ಎರಡು ವರ್ಷ ಅಲ್ಲವೇ. ಒಂದು ದಿನ ಬೆಳಿಗ್ಗೆ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದಾಗ ಹೊಟ್ಟೆ ಹಿಂಡಿದಂತಾಯಿತು, ಎದ್ದು ನೋಡಿಕೊಂಡರೆ ನಿಜವಾಗಿಯೂ ಆಗಿತ್ತು. ಹೆದರಲಿಲ್ಲ. ಹೇಳಬೇಕು ಎನ್ನಿಸಿತು. ಅವ್ವ ಹುಳದ ಮನೆಯ ಬಾಗಿಲಲ್ಲಿ ಕೂತು ಮಣೆಯ ಮೇಲೆ ಚಿಗುರೆಲೆ ಹೆಚ್ಚುತ್ತಿದ್ದಳು. ಎರಡು ವರ್ಷ ನಿದ್ದೆಗೆಟ್ಟು ಅವಳ ಕಣ್ಣಿನ ಸುತ್ತ ಮಸಿ ಬಳಿದಂತಾಗಿತ್ತು. ನಾನು ಹೊಸಿಲಿನಿಂದ ಈಚೆ ನಿಂತೆ.

"ಅವ್ವ. ನಾ ದೊಡ್ಡೋಳಾದೆ."

ಅವಳ ಕತ್ತಿ ನಿಂತಿತು. ನಡುಮನೆಯ ಕಡೆ ನೋಡಿದಳು. ಅಜ್ಜಿ ಅಲ್ಲಿ ಎಲೆಗೆ ಸುಣ್ಣ ಸವರುತ್ತಾ ಕೂತಿದ್ದಳು. ಅವ್ವ ನನ್ನ ಮುಖ ನೋಡಿದಳು. ಎದ್ದು ಬಂದು ಹಿಡಿದುಕೊಳ್ಳುತ್ತಾಳೆ ಎಂದುಕೊಂಡೆ.

"ಸುಮ್ನಿರು," ಎಂದಳು ಮೆಲ್ಲಗೆ. "ನಿಂಗ ಆಗ್ಲೇ ಆಗೋಗದ."

ಮತ್ತೆ ಎಲೆ ಹೆಚ್ಚತೊಡಗಿದಳು. ನಾನು ಬಟ್ಟೆ ತೆಗೆದುಕೊಂಡು ಬಾವಿಗೆ ಹೋದೆ. ಯಾರೂ ಕಾಣದ ಹಾಗೆ ಒಗೆದೆ, ಬಂಡೆಯ ಹಿಂದೆ ಒಣಗಲು ಹಾಕಿದೆ, ಅದು ಒಣಗುವವರೆಗೂ ಬೇಲಿಯ ನೆರಳಿನಲ್ಲಿ ಮಲಗಿದೆ. ಎದೆಯಲ್ಲಿ ಸದ್ದಿರಲಿಲ್ಲ.